ಆ್ಯಂಕರ್ ಆಗಲು ಡಿಗ್ರಿ ಬಿಡಬೇಕೆಂದಿದ್ದ ಬಿ.ಕಾಂ. ವಿದ್ಯಾರ್ಥಿನಿ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸುಮಾಗೆ 20 ವರ್ಷ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ, ಅಮ್ಮ ಅಂಗನವಾಡಿ ಸಹಾಯಕಿ. ಬೆಂಗಳೂರಿನ ತರಬೇತಿ ಕೇಂದ್ರವೊಂದು ಮೂರು ತಿಂಗಳ ಆ್ಯಂಕರಿಂಗ್ ಕೋರ್ಸಿಗೆ 85 ಸಾವಿರ ರೂಪಾಯಿ ಕೇಳಿತ್ತು. ಡಿಗ್ರಿ ಬಿಟ್ಟಾದರೂ ಸೇರುತ್ತೇನೆಂದು ಅವಳು ಪಟ್ಟು ಹಿಡಿದಿದ್ದಳು. ಬ್ಯಾಂಕ್ ಪರೀಕ್ಷೆಗೆ ಓದು ಎಂಬುದು ಮನೆಯವರ ಮಾತು. ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದದ್ದು ಸೋದರಮಾವ.

ಮೊದಲ ಭೇಟಿಯಲ್ಲಿ ಉಪಯೋಗಕ್ಕೆ ಬಂದ ಮಾಹಿತಿ ಬಂದದ್ದು ಮಾವನ ದೂರಿನಿಂದ: "ಗ್ರಾಮಸಭೇಲಿ ಎದ್ದು ನಿಂತು ಬೀದಿದೀಪಕ್ಕೆ ಎಷ್ಟು ಖರ್ಚಾಯ್ತು ಅಂತ ಕೇಳಿ ಎಲ್ಲರೆದುರು ಮುಜುಗರ ಮಾಡಿದ್ಲು ಮೇಡಂ." ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡುವ ಮಕ್ಕಳು ಬೇಕಾದಷ್ಟಿದ್ದಾರೆ. ಸಭೆಯಲ್ಲಿ ಲೆಕ್ಕ ಕೇಳುವವರು ಕಡಿಮೆ. ಇದು ಅವಳ ತಪ್ಪಲ್ಲ, ವರದಿಗಾರಿಕೆಗೆ ಬೇಕಾದ ಮೊದಲ ಗುಣ ಎಂದು ಇಬ್ಬರ ಎದುರಿಗೇ ಹೇಳಿದೆವು.

ಮಾಧ್ಯಮ ಅಂದರೆ ಒಂದೇ ಕೆಲಸವಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಪರದೆಯಲ್ಲಿ ಕಾಣುವ ಒಬ್ಬರ ಹಿಂದೆ ವರದಿಗಾರರು, ಡೆಸ್ಕಿನಲ್ಲಿ ಕೂತು ಸುದ್ದಿ ತಿದ್ದುವ ಉಪಸಂಪಾದಕರು, ಬುಲೆಟಿನ್ ಪ್ರೊಡ್ಯೂಸರ್, ವಿಡಿಯೊ ಎಡಿಟರ್, ಕ್ಯಾಮೆರಾಮನ್ ಇರುತ್ತಾರೆ. ಈ ಕೆಲಸಗಳಿಗೆ ಬೇಕಾದ ಸ್ವಭಾವವೂ ಬೇರೆ, ದಿನಚರಿಯೂ ಬೇರೆ. ಹಾಗಾಗಿ ಫೀಸು ಕಟ್ಟುವ ಮಾತನ್ನು ಬದಿಗಿಟ್ಟು, ರಜೆಯ ಹತ್ತು ವಾರಗಳಿಗೆ ಮೂರು ಬಗೆಯ ಕೆಲಸ ಕೊಟ್ಟೆವು. ಖರ್ಚು ಬಸ್ ಚಾರ್ಜ್ ಮಾತ್ರ.

ಮೊದಲನೆಯದು ವರದಿ. ತನ್ನ ಹೋಬಳಿಯದ್ದೇ ಮೂರು ಸುದ್ದಿ, ತಲಾ 250 ಪದ. ಪ್ರತಿಯೊಂದರಲ್ಲೂ ಕನಿಷ್ಠ ಮೂವರ ಮಾತು, ಒಂದು ದಾಖಲೆ ಇರಬೇಕು. ಅವಳು ತಂದ ಮೊದಲ ಪ್ರತಿ ಹೀಗೆ ಶುರುವಾಗಿತ್ತು: "ಗ್ರಾಮದಲ್ಲಿ ಕುಡಿಯುವ ನೀರಿನ ಸಮಸ್ಯೆ ತಾಂಡವವಾಡುತ್ತಿದ್ದು, ಜನರು ಪರದಾಡುವಂತಾಗಿದೆ." ಯಾವ ಊರಿಗಾದರೂ, ಯಾವ ವರ್ಷಕ್ಕಾದರೂ ಅಂಟಿಸಬಹುದಾದ ವಾಕ್ಯ. ಎಷ್ಟು ಮನೆ, ಎಷ್ಟು ದಿನದಿಂದ, ಕೆಟ್ಟದ್ದು ಏನು, ರಿಪೇರಿ ಯಾರ ಹೊಣೆ, ಪಿಡಿಒ ಏನಂದರು ಎಂದು ಅಂಚಿನಲ್ಲಿ ಬರೆದು ವಾಪಸ್ ಕೊಟ್ಟೆವು. ಅವಳು ನೀರುಗಂಟಿಯನ್ನು ಮಾತಾಡಿಸಿದಳು, ಪಂಚಾಯಿತಿಯಲ್ಲಿ ದುರಸ್ತಿ ಬಿಲ್ ನೋಡಿದಳು. ಜಲಜೀವನ್ ಮಿಷನ್‌ನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕೆಂಬ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಬರೆದಳು: "ಪಂಪ್‌ಸೆಟ್ ಮೋಟರ್ ಸುಟ್ಟು 11 ದಿನವಾದರೂ ದುರಸ್ತಿಯಾಗದೆ, 42 ಮನೆಗಳು ಒಂದೇ ಕೈಪಂಪ್ ನಂಬಿಕೊಂಡಿವೆ. ಇದೇ ಮೋಟರನ್ನು ವರ್ಷದಲ್ಲಿ ಮೂರು ಬಾರಿ ರಿಪೇರಿ ಮಾಡಿದ ಬಿಲ್‌ಗಳು ಪಂಚಾಯಿತಿಯಲ್ಲಿವೆ." ಎರಡನೇ ವಾಕ್ಯ ಅವಳಿಗೆ ಸಿಕ್ಕಿದ್ದು ಬಿ.ಕಾಂ. ಓದಿನಿಂದ. ಬಿಲ್, ವೋಚರ್ ಓದಲು ಅವಳಿಗೆ ಅಂಜಿಕೆಯಿಲ್ಲ.

ಬೀದಿದೀಪದ ಲೆಕ್ಕಕ್ಕೆ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಹಾಕಿಸಿದೆವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಹೊಸಬರು ಎಡವುವುದು ಪ್ರಶ್ನೆಯಲ್ಲಿ. "ಏಕೆ ಇಷ್ಟು ಖರ್ಚಾಯಿತು?" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಲು ದಾರಿಯಾಗುತ್ತದೆ. "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಬಿಲ್ ಮತ್ತು ವೋಚರ್‌ಗಳ ದೃಢೀಕೃತ ಪ್ರತಿ ಕೊಡಿ" ಎಂದೇ ಬರೆಯಬೇಕು. 30 ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಎರಡನೆಯದು ಡೆಸ್ಕ್ ಕೆಲಸ. ಕನ್ನಡ ಪತ್ರಿಕೆಗಳ ಟ್ರೈನಿ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್‌ನಿಂದ ಅನುವಾದ ಇರುತ್ತದೆ, ಹೆಚ್ಚಿನವರು ಸೋಲುವುದೂ ಅಲ್ಲೇ. ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆ ಕೊಡುವ ಪಿಐಬಿ ಹಲವು ಪ್ರಕಟಣೆಗಳನ್ನು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಹಾಕುತ್ತದೆ. ದಿನಕ್ಕೆ 200 ಪದ ತಾನೇ ಅನುವಾದಿಸಿ, ಆಮೇಲೆ ಅವರ ಕನ್ನಡದೊಂದಿಗೆ ಹೋಲಿಸಿ, ಅವರದಕ್ಕಿಂತ ಸರಳವಾಗಿ ತಿದ್ದಬೇಕು. ಜೊತೆಗೆ ಆರು ಪದದೊಳಗಿನ ಶೀರ್ಷಿಕೆ. ಫೋನಿಗೆ ಬಾಯಲ್ಲಿ ಹೇಳಿ ಬರೆಸುವುದನ್ನು ಬಿಡಿಸಿ, ಕಂಪ್ಯೂಟರಿನಲ್ಲಿ ನುಡಿ ಕೀಲಿಮಣೆ ರೂಢಿ ಮಾಡಿಸಿದೆವು. ಹಳೆಯ ನುಡಿ ಫಾಂಟಿನ ಪಠ್ಯ ಯುನಿಕೋಡ್‌ಗೆ ಹೋಗುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುವುದುಂಟು. ಪರಿವರ್ತಿಸಿದ ಮೇಲೆ ಪ್ರತಿ ಸಾಲನ್ನೂ ಕಣ್ಣಾಡಿಸುವ ಅಭ್ಯಾಸ ಈಗಲೇ ಬರಬೇಕು.

ಮೂರನೆಯದು ಫೋನಿನಲ್ಲಿ 90 ಸೆಕೆಂಡಿನ ವಿಡಿಯೊ ಸುದ್ದಿ. ಫೋನ್ ಅಡ್ಡ, ಪ್ರತಿ ಶಾಟ್ 10 ಸೆಕೆಂಡ್ ಅಲುಗಾಡದೆ, ದೂರ, ಮಧ್ಯಮ, ಹತ್ತಿರ ಮೂರೂ ಇರಲಿ. ಮೈಕ್ ಬಾಯಿಗೆ ಒಂದು ಗೇಣಿನೊಳಗೆ. ಬೈಟ್ (ಕ್ಯಾಮೆರಾ ಮುಂದೆ ಹೇಳಿಕೆ) ಕೊಟ್ಟವರ ಹೆಸರು, ಹುದ್ದೆಯನ್ನು ಅವರ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡಬೇಕು.

ಹತ್ತು ವಾರದ ನಂತರ ಚಿತ್ರ ನಿಚ್ಚಳವಾಯಿತು. ಪಿಟುಸಿ, ಅಂದರೆ ಕ್ಯಾಮೆರಾ ನೋಡಿ ಸುದ್ದಿ ಹೇಳುವುದು, ಸರಾಗ, ಆದರೆ ಎಡಿಟಿಂಗ್ ಅವಳಿಗೆ ಬೇಸರ. ಅನುವಾದ ತೀರಾ ದುರ್ಬಲ. ವರದಿ, ಅದರಲ್ಲೂ ದುಡ್ಡಿನ ಲೆಕ್ಕ ಇರುವ ವರದಿ, ಅವಳ ವಯಸ್ಸಿಗೆ ಮೀರಿದ ಮಟ್ಟದ್ದು. "ಆ್ಯಂಕರ್ ಆಗೋದಕ್ಕಿಂತ ಇದು ಚೆನ್ನಾಗಿದೆ ಮೇಡಂ, ಆದ್ರೆ ಮುಖ ಕಾಣಲ್ಲವಲ್ಲ" ಎಂದಳು. ಆ ಆಸೆ ತಪ್ಪಲ್ಲ. ಸ್ವಂತ ಸುದ್ದಿ ತಂದು ನೇರಪ್ರಸಾರದಲ್ಲಿ ಹೇಳಬಲ್ಲ ವರದಿಗಾರ್ತಿಗೆ ಪರದೆಯ ದಾರಿ ಮುಚ್ಚಿಲ್ಲ ಎಂದು ವಿವರಿಸಿದೆವು.

ಕೊಟ್ಟ ಸಲಹೆ: ಬಿ.ಕಾಂ. ಖಂಡಿತ ಮುಗಿಸು. ಬಜೆಟ್, ಎಪಿಎಂಸಿ ಧಾರಣೆ, ಸಹಕಾರ ಸಂಘ, ಜಿಎಸ್‌ಟಿ ಅರ್ಥವಾಗುವ ವರದಿಗಾರರು ಜಿಲ್ಲೆಗಳಲ್ಲಿ ವಿರಳ. ಆಮೇಲೆ ಎರಡು ವರ್ಷದ ಸ್ನಾತಕೋತ್ತರ ಪತ್ರಿಕೋದ್ಯಮಕ್ಕೆ ಮಾನಸಗಂಗೋತ್ರಿ (ಮೈಸೂರು), ಧಾರವಾಡ, ಮಂಗಳಗಂಗೋತ್ರಿ (ಮಂಗಳೂರು), ಶಂಕರಘಟ್ಟ (ಕುವೆಂಪು) ವಿಶ್ವವಿದ್ಯಾಲಯಗಳಿವೆ. ಖಾಸಗಿ ಸಂಸ್ಥೆಗಿಂತ ಇಲ್ಲಿ ಖರ್ಚು ಎಷ್ಟೋ ಕಡಿಮೆ. ದೆಹಲಿಯ ಪತ್ರಿಕೋದ್ಯಮ ಸಂಸ್ಥೆ ಐಐಎಂಸಿ ಕಡೆಗೂ ಮನಸ್ಸಿದ್ದರೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಅದಕ್ಕೂ ಇಂಗ್ಲಿಷ್ ಗಟ್ಟಿಯಾಗಬೇಕು. ಇಂಟರ್ನ್‌ಶಿಪ್‌ಗೆ ಬೆಂಗಳೂರಿನ ಕೇಂದ್ರ ಕಚೇರಿಗಿಂತ ಜಿಲ್ಲಾ ಬ್ಯೂರೊ ಮೇಲು. ಜನ ಕಡಿಮೆ ಇರುವುದರಿಂದ ಅಲ್ಲಿ ನಿಜವಾದ ಕೆಲಸ ಕೈಗೆ ಬರುತ್ತದೆ. ಅರ್ಜಿಯ ಜೊತೆ ಅಂಕಪಟ್ಟಿ ಬೇಡ, ಆ ಮೂರು ವರದಿ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಯಿತು. ಓದುವಾಗಲೇ ಅರೆಕಾಲಿಕ ವರದಿಗಾರಿಕೆಗೆ ಕರೆ ಬರಬಹುದು. ನೇಮಕ ಪತ್ರ ಉಂಟೇ, ಹಣ ತಿಂಗಳಿಗೋ ಸುದ್ದಿಗೋ, ಜಾಹೀರಾತು ತರುವ ಗುರಿ ಹಾಕುತ್ತಾರೆಯೇ, ಕೇಸು ಬಿದ್ದರೆ ವಕೀಲರ ಖರ್ಚು ಯಾರದು, ಇಷ್ಟು ಕೇಳದೆ ಒಪ್ಪಬಾರದು. ನಿನ್ನೆ ಯಾರ ಬಳಿ ಜಾಹೀರಾತು ಕೇಳಿದ್ದೆವೋ ಆ ಗುತ್ತಿಗೆದಾರನ ಕಳಪೆ ರಸ್ತೆ ಬಗ್ಗೆ ಇವತ್ತು ಬರೆಯುವುದು ಯಾರಿಗೂ ಕಷ್ಟ. ದುಡ್ಡು ತೆಗೆದುಕೊಂಡು ಪ್ರೆಸ್ ಕಾರ್ಡ್ ಕೊಡುವವರ ಹತ್ತಿರವೂ ಸುಳಿಯಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಹೆಸರಷ್ಟೇ ಅಲ್ಲ, ಶಾಲೆ, ಮನೆಯವರು, ಓಣಿಯ ಗುರುತನ್ನೂ ಬಿಟ್ಟುಕೊಡುವಂತಿಲ್ಲ. ಪೋಕ್ಸೊ ಕಾಯ್ದೆಯ 23ನೇ ಕಲಂ ಅಡಿ ಅದು ಶಿಕ್ಷಾರ್ಹ. ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಮೊದಲೂ ಇದು ನೆನಪಿರಬೇಕು.

ಅಮ್ಮನ ಭಯ ರಾತ್ರಿ ಪಾಳಿಯದ್ದು. ಪತ್ರಿಕೆಯ ಡೆಸ್ಕಿನಲ್ಲಿ ಅದು ತಪ್ಪದು ಎಂದು ಮರೆಮಾಚದೆ ಹೇಳಿದೆವು. ಕೆಲಸಕ್ಕೆ ಸೇರುವ ಮುನ್ನ ಮನೆಗೆ ಬಿಡುವ ವಾಹನ, ಆಂತರಿಕ ದೂರು ಸಮಿತಿ ಇವೆಯೇ ಎಂದು ಅವರೇ ವಿಚಾರಿಸಲಿ ಎಂದೆವು. ಆರಂಭದ ಸಂಬಳ ಬ್ಯಾಂಕ್ ಕೆಲಸಕ್ಕೆ ಸಮನಾಗದು ಎಂಬುದನ್ನು ಅಪ್ಪನಿಗೂ ತಿಳಿಸಿದೆವು. ಹಾಗಾಗಿ ಆರನೇ ಸೆಮಿಸ್ಟರ್‌ವರೆಗೆ ಬ್ಯಾಂಕ್ ಪರೀಕ್ಷೆಯ ತಯಾರಿಯೂ ನಡೆಯಲಿ ಎಂದು ಮನೆಯಲ್ಲಿ ಒಪ್ಪಂದವಾಗಿದೆ. ಅದಕ್ಕೆ ಓದುವ ಇಂಗ್ಲಿಷ್ ಅನುವಾದಕ್ಕೂ ಆಗಿಬರುತ್ತದೆ. ಮುಂದಿನ ಭೇಟಿಗೆ ಆರ್‌ಟಿಐ ಉತ್ತರ, ಅದರಿಂದ ಬರೆದ ವರದಿ, 20 ಅನುವಾದಗಳ ಫೈಲ್ ತರಬೇಕು. 85 ಸಾವಿರದ ಕೋರ್ಸಿಗೆ ಸೇರುವ ಮಾತು ಸದ್ಯಕ್ಕೆ ಇಲ್ಲ.