ಇಂಜಿನ್ ತೊಳೆಸಿದ ಮೇಲೆ ನಡುಕ: ಮೊದಲು ಕಾಯಿಲ್ ನೋಡಿ

ಬಹುತೇಕ ಇಗ್ನಿಷನ್ ಕಾಯಿಲ್‌ನದೇ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ತೊಂದರೆ. ಇಂಜಿನ್ ತೊಳೆಸಿದ ಮರುದಿನ ಕೊಲ್ಹಾರ ಸೇತುವೆ ಹತ್ತಿರ ಗಾಡಿ ನಡುಗಿತು, ಪಿಕಪ್ ಇಲ್ಲ, ಚೆಕ್ ಇಂಜಿನ್ ದೀಪ ಮಿಣುಕುತ್ತಿದೆ ಎಂದಿದ್ದೀರಿ. ನಾಲ್ಕರಲ್ಲಿ ಒಂದು ಸಿಲಿಂಡರ್ ಉರಿಯುತ್ತಿಲ್ಲ. ನಿಮ್ಮ ನಾಲ್ಕು ಸಿಲಿಂಡರ್‌ನ 1197 ಸಿಸಿ ಸ್ವಿಫ್ಟ್‌ನಲ್ಲಿ ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಪ್ಲಗ್ ಇರುವ ಗುಂಡಿಗೆ ನೀರು ಇಳಿದರೆ ಕಿಡಿ ಪ್ಲಗ್ ಬಿಟ್ಟು ಪಕ್ಕಕ್ಕೆ ಹಾರುತ್ತದೆ.

ದೀಪ ಮಿಣುಕುವಾಗ ಬಾಗಲಕೋಟೆವರೆಗೂ ಹೇಗೋ ಓಡಿಸೋಣ ಅನ್ನಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡುತ್ತದೆ. ಅದರ ಮುಂದೆ ಕಾಯಿಲ್ ಖರ್ಚು ಏನೂ ಅಲ್ಲ.

ಮೊದಲು ಸ್ಕ್ಯಾನರ್ ಹಾಕಿಸಿ, ಅದು ಗಾಡಿಯ ದೋಷದ ಕೋಡ್ ಓದುತ್ತದೆ. ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0304 ಬಂದರೆ ನಾಲ್ಕನೇದು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ಕಾಯಿಲ್ ಬಿಚ್ಚಿ, ಗುಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ನೀರಿದ್ದರೆ ಗಾಳಿ ಹೊಡೆಸಿ ಒಣಗಿಸಿ. ಆಯಿಲ್ ಇದ್ದರೆ ಮೇಲಿನ ಕವರ್‌ನ ಪ್ಯಾಕಿಂಗ್ ಹೋಗಿದೆ, ಅದನ್ನೂ ಬದಲಿಸಬೇಕು. ಕಾಯಿಲ್‌ನ ತುದಿಯ ರಬ್ಬರ್ ಬೂಟ್ ಮೇಲೆ ಕೂದಲೆಳೆಯಂಥ ಬಿಳಿ ಅಥವಾ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿಂದಲೇ ಸೋರುತ್ತಿದೆ.

ಏನೂ ಕಾಣದಿದ್ದರೆ ಆ ಕಾಯಿಲ್ ಅನ್ನು ಪಕ್ಕದ ಸಿಲಿಂಡರ್‌ಗೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ. ಕೋಡ್ ಕಾಯಿಲ್ ಜೊತೆಗೇ ಪಕ್ಕದ ಸಿಲಿಂಡರ್‌ಗೆ ಹೋಯಿತಾ? ಅದೊಂದನ್ನೇ ಬದಲಿಸಿ. ಮೆಕ್ಯಾನಿಕ್ ನಾಲ್ಕೂ ಹೊಸದು ಹಾಕಿ ಅಂದರೆ ಸುಮ್ನೆ ತಲೆಯಾಡಿಸಬೇಡಿ. ಕೋಡ್ ಅಲ್ಲೇ ಉಳಿದರೆ ಪ್ಲಗ್ ಬದಲಿಸಿ ನೋಡಿ. ಪ್ಲಗ್ ಕೂರುವ ಇಂಜಿನ್ ಹೆಡ್ ಅಲ್ಯುಮಿನಿಯಂ, ಬಿಸಿ ಇದ್ದಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಹೋಗಬಹುದು.

ಆಮೇಲೂ ನಡುಗಿದರೆ ತೊಂದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನದಿರಬಹುದು, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಕಡಿಮೆಯೂ ಇರಬಹುದು. ಗೇಜ್ ಹಾಕದೆ ಹೇಳಲಾಗದು. ಗ್ಯಾರೇಜ್‌ನಲ್ಲಿ ಕಂಪ್ರೆಶನ್ ಟೆಸ್ಟ್ ಮಾಡಿಸಿ.