ಉಮ್ಮನ ಗಂಟುನೋವು, ಹೆಂಡತಿಯ ಬಿ.ಎಡ್. ಮತ್ತು ಶರೀಅತ್‌ನ ಗುರಿಗಳು

ಪ್ರಶ್ನೆ: ನಾನು ಸೌದಿಯ ಜುಬೈಲ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಊರು ಪುತ್ತೂರಿನ ಹತ್ತಿರ. ಮನೆಯಲ್ಲಿ ಉಮ್ಮ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಹೆಂಡತಿ ಬಿ.ಎಡ್. ಮೊದಲ ವರ್ಷ ಮುಗಿಸಿದ್ದಾಳೆ. ಎರಡನೇ ವರ್ಷ ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ ಇದೆ, ಮನೆಗೆ ಬರುವಾಗ ಸಂಜೆಯಾಗುತ್ತದೆ. ಉಮ್ಮನಿಗೆ ಶುಗರ್, ಗಂಟುನೋವು. ‘ಮನೆ ಮನೆಯಾಗಿ ಉಳಿದಿಲ್ಲ’ ಎಂದು ದಿನಾ ಫೋನಲ್ಲಿ ಹೇಳುತ್ತಾರೆ. ಇತ್ತೀಚೆಗೆ ಶರೀಅತ್‌ನ ಉನ್ನತ ಉದ್ದೇಶಗಳ ಬಗ್ಗೆ ಒಂದು ಭಾಷಣ ಕೇಳಿದೆ. ಶರೀಅತ್ ಕಾಪಾಡುವ ಐದು ವಿಷಯ ಹೇಳಿದರು, ವಂಶದ ರಕ್ಷಣೆ, ಬುದ್ಧಿಯ ರಕ್ಷಣೆ ಎರಡೂ ಅದರಲ್ಲಿ ಬಂತು. ‘ಶರೀಅತ್‌ನಲ್ಲಿ ಸಂಸಾರ ಮೊದಲು, ಓದು ಆಮೇಲೆ’ ಎಂದು ಹೆಂಡತಿಗೆ ಹೇಳಿ, ಫೀಸಿನ ಹಣ ಕಳಿಸಲಿಲ್ಲ. ಮಹರ್‌ನ (ಮದುವೆಯಲ್ಲಿ ನಾನು ಅವಳಿಗೆ ಕೊಟ್ಟ) ಚಿನ್ನ ಮಾರಿ ಕಟ್ಟುತ್ತೇನೆ ಎಂದಳು. ಅದಕ್ಕೂ ಬೇಡ ಎಂದೆ. ‘ಆ ಐದರಲ್ಲಿ ಬುದ್ಧಿ ಅಂತಿದೆಯಲ್ಲ, ಅದು ಗಂಡಸರಿಗೆ ಮಾತ್ರವಾ?’ ಎಂದು ಕೇಳಿದಳು. ಈಗ ಮಕ್ಕಳ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ನಾನು ಧರ್ಮದ ಪ್ರಕಾರವೇ ಹೇಳಿದ್ದು ಅಲ್ವಾ?

ಉತ್ತರ: ಸಹೋದರರೇ, ಹೆಂಡತಿ ಕೇಳಿದ ಪ್ರಶ್ನೆಯನ್ನು ಮುಚ್ಚಿಡದೆ ಬರೆದಿದ್ದೀರಿ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಈ ಪತ್ರ ಬಂತು ಅಂದುಕೊಳ್ಳುತ್ತೇನೆ. ನಾನು ಮುಫ್ತಿ ಅಲ್ಲ, ಫತ್ವಾ ಕೊಡುವುದಿಲ್ಲ. ಆದರೆ ನೀವು ಹೇಳಿದ ಮಾತು ಶರೀಅತ್‌ನ ಉದ್ದೇಶಗಳ ಬಗ್ಗೆ ವಿದ್ವಾಂಸರು ಬರೆದ ಗ್ರಂಥಗಳಲ್ಲಿ ಹಾಗೆ ಇಲ್ಲ.

ನೀವು ಕೇಳಿದ ಐದರ ಪಟ್ಟಿ ಇಮಾಂ ಗಝಾಲಿಯವರ ಹೆಸರಿನ ಜೊತೆ ಜಾಸ್ತಿ ಬರುತ್ತದೆ. 1111ರಲ್ಲಿ ತೀರಿಹೋದವರು. ‘ಅಲ್-ಮುಸ್ತಸ್ಫಾ’ ಎಂಬ ಗ್ರಂಥದಲ್ಲಿ ಅವರು ಬರೆದ ಕ್ರಮ ಹೀಗಿದೆ: ಧರ್ಮ, ಜೀವ, ಬುದ್ಧಿ, ವಂಶ, ಸೊತ್ತು. ಬುದ್ಧಿ ಮೊದಲು, ವಂಶ ಆಮೇಲೆ. ನೀವು ಹೇಳಿದ್ದಕ್ಕೆ ಪೂರ್ತಿ ಉಲ್ಟಾ! ಹಾಗಂತ ನಿಮ್ಮ ಹೆಂಡತಿ ಇದನ್ನೇ ಹಿಡಿದು ಗೆದ್ದೆ ಎನ್ನುವ ಹಾಗೂ ಇಲ್ಲ. 1233ರಲ್ಲಿ ತೀರಿಹೋದ ಆಮಿದಿಯವರು ವಂಶವನ್ನು ಬುದ್ಧಿಗಿಂತ ಮೇಲಿಟ್ಟರು. ಗ್ರಾನಡಾದ ಶಾತಿಬಿಯವರು ‘ಅಲ್-ಮುವಾಫಕಾತ್’ನಲ್ಲಿ ಒಂದು ಕಡೆ ಬುದ್ಧಿಯನ್ನು ಕೊನೆಗೆ ಬರೆದಿದ್ದಾರೆ. ಇಷ್ಟು ದೊಡ್ಡ ವಿದ್ವಾಂಸರೇ ಒಂದು ಕ್ರಮಕ್ಕೆ ಬಂದಿಲ್ಲ. ನೀವು ಒಂದು ಭಾಷಣ ಕೇಳಿ ಫೀಸು ನಿಲ್ಲಿಸಿಬಿಟ್ಟಿರಿ.

ಇನ್ನು ವಂಶದ ರಕ್ಷಣೆ. ಹಳೆಯ ಗ್ರಂಥಗಳಲ್ಲಿ ಇದರಡಿ ಬರುವುದು ನಿಕಾಹ್, ವ್ಯಭಿಚಾರದ ನಿಷೇಧ, ಮಗುವಿಗೆ ತನ್ನ ತಂದೆ ತಾಯಿ ಯಾರೆಂದು ಗೊತ್ತಿರಬೇಕು ಎಂಬಂಥ ವಿಷಯಗಳು. ಸೊಸೆ ಎಷ್ಟು ಗಂಟೆಗೆ ಮನೆ ಸೇರಬೇಕು ಎಂಬುದು ಅಲ್ಲಿಲ್ಲ. ನಿಮ್ಮ ಮಕ್ಕಳು ಹೊತ್ತಿಗೆ ಉಣ್ಣುತ್ತಿದ್ದಾರೆ, ಶಾಲೆಗೆ, ಮದ್ರಸಕ್ಕೆ ಹೋಗುತ್ತಿದ್ದಾರೆ, ರಾತ್ರಿ ತಾಯಿಯ ಪಕ್ಕ ಮಲಗುತ್ತಾರೆ ಎಂದಾದರೆ ವಂಶಕ್ಕೆ ಏನೂ ಆಗಿಲ್ಲ.

ಹಾಗೆಯೇ ಬುದ್ಧಿಯ ರಕ್ಷಣೆ ಎಂದರೆ ಬಿ.ಎಡ್. ಕಡ್ಡಾಯ ಅಂತಲೂ ಅಲ್ಲ. ಅಲ್ಲಿ ಜಾಸ್ತಿ ಬರುವ ಉದಾಹರಣೆ ಮದ್ಯದ ನಿಷೇಧ. ಆದರೆ ಶಾತಿಬಿಯವರೇ ಒಂದು ಮಾತು ಹೇಳಿದ್ದಾರೆ: ಕಾಪಾಡುವುದಕ್ಕೆ ಎರಡು ದಾರಿ, ಹಾಳಾಗದಂತೆ ತಡೆಯುವುದು ಒಂದು, ಗಟ್ಟಿಯಾಗಿ ನಿಲ್ಲುವಂತೆ ಬೆಳೆಸುವುದು ಇನ್ನೊಂದು. ನಾವು ಯಾಕೋ ತಡೆಯುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇವೆ. ನಿಮ್ಮ ಹೆಂಡತಿಯ ಪ್ರಶ್ನೆಗೂ ಉತ್ತರ ಸಿಗಬೇಕಲ್ಲ: ಇಲ್ಲ, ಗಂಡಸರಿಗೆ ಮಾತ್ರ ಅಲ್ಲ. 11ನೇ ಶತಮಾನದಲ್ಲಿ ಮಕ್ಕಾದಲ್ಲಿ ಕರೀಮಾ ಅಲ್-ಮರ್ವಝಿಯ್ಯಾ ಎಂಬ ಮಹಿಳೆ ಪ್ರವಾದಿವಚನಗಳ ಸಂಗ್ರಹವಾದ ಸಹೀಹ್ ಬುಖಾರಿ ಕಲಿಸುತ್ತಿದ್ದರು. ಬಗ್ದಾದಿನ ಇತಿಹಾಸ ಬರೆದ ಅಲ್-ಖತೀಬ್, ಕರೀಮಾರ ಮುಂದೆ ಕುಳಿತು ಅದನ್ನು ಓದಿದ್ದರು.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ‘ನನಗೆ ಕಷ್ಟವಾಗ್ತಿದೆ, ಉಮ್ಮನ ದೂರು ಕೇಳಿ ಸಾಕಾಗಿದೆ, ನೀನು ಓದು ಬಿಡು’ ಎಂದು ನೀವು ಹೇಳಿದ್ದರೆ ಅವಳು ಜಗಳವಾಡಬಹುದಿತ್ತು, ಅಳಬಹುದಿತ್ತು, ದಾರಿ ಹುಡುಕಬಹುದಿತ್ತು. ನೀವು ‘ಶರೀಅತ್ ಹೀಗೆ ಹೇಳುತ್ತದೆ’ ಎಂದಿರಿ. ಅದರ ಎದುರು ಈಮಾನ್ (ಧರ್ಮದಲ್ಲಿ ವಿಶ್ವಾಸ) ಇರುವ ಹೆಂಗಸು ಏನು ಮಾತಾಡಬೇಕು? ಸುಮ್ಮನಾಗುತ್ತಾಳೆ.

ಬರೀರಾ ಎಂಬವರ ಕಥೆ ಬುಖಾರಿಯಲ್ಲಿದೆ. ಅವರು ದಾಸ್ಯದಿಂದ ಬಿಡುಗಡೆಯಾದವರು. ಬಿಡುಗಡೆಯಾದಾಗ ಗಂಡ ಮುಗೀಸ್‌ನ ಜೊತೆ ಇರಬೇಕೋ ಬೇಡವೋ ಎಂಬ ಆಯ್ಕೆ ಅವರಿಗೆ ಸಿಕ್ಕಿತು. ಬೇಡ ಎಂದರು. ಪಾಪ, ಮುಗೀಸ್ ಗಡ್ಡ ತೋಯುವಂತೆ ಅಳುತ್ತಾ ಮದೀನಾದಲ್ಲಿ ಅವರ ಹಿಂದೆ ತಿರುಗುತ್ತಿದ್ದರು. ‘ನೀನು ಅವನ ಬಳಿ ಮರಳಿ ಹೋಗಬಾರದೇ’ ಎಂದು ಪ್ರವಾದಿ(ಸ)ಯವರೇ ಕೇಳಿದರು. ‘ಇದು ನಿಮ್ಮ ಆಜ್ಞೆಯೇ?’ ಎಂದರು ಬರೀರಾ. ‘ಅಲ್ಲ, ಅವನ ಪರವಾಗಿ ಕೇಳುತ್ತಿದ್ದೇನೆ ಅಷ್ಟೆ’ ಎಂದರು ಪ್ರವಾದಿಯವರು. ‘ಹಾಗಾದರೆ ನನಗೆ ಅವನು ಬೇಡ.’ ಅಲ್ಲಿಗೆ ಮಾತು ಮುಗಿಯಿತು. ಯಾರೂ ಅವರನ್ನು ಗದರಿಸಲಿಲ್ಲ. ಸ್ವತಃ ಪ್ರವಾದಿಯವರು ಆಜ್ಞೆ ಯಾವುದು, ತಮ್ಮ ಕೋರಿಕೆ ಯಾವುದು ಎಂದು ಬಿಡಿಸಿ ಹೇಳಿದರು. ನೀವು ನಿಮ್ಮ ಕೋರಿಕೆಯನ್ನೇ ಆಜ್ಞೆ ಮಾಡಿಬಿಟ್ಟಿರಿ.

ಉಮ್ಮನ ವಿಷಯ ನಾನು ಹಗುರ ಮಾಡುತ್ತಿಲ್ಲ. ಶುಗರ್ ಇರುವವರಿಗೆ ಹೊತ್ತಿಗೆ ಊಟ, ಮಾತ್ರೆ ಬೇಕು. ಗಂಟುನೋವಿದ್ದರೆ ಬಾವಿಯಿಂದ ನೀರು ಸೇದುವುದು ದೂರ ಇರಲಿ, ನೆಲದಿಂದ ಏಳುವುದೂ ಕಷ್ಟ. ವಿದ್ವಾಂಸರು ಮನುಷ್ಯರ ಅಗತ್ಯಗಳನ್ನು ಮೂರು ಹಂತ ಮಾಡಿದ್ದಾರೆ. ಇಲ್ಲದಿದ್ದರೆ ಬದುಕೇ ಕುಸಿಯುವಂಥದ್ದು, ಇಲ್ಲದಿದ್ದರೆ ಕಷ್ಟವಾಗುವಂಥದ್ದು, ಇದ್ದರೆ ಚೆಂದ ಎನ್ನುವಂಥದ್ದು. ಈ ಕಣ್ಣಿನಿಂದ ನಿಮ್ಮ ಮನೆ ನೋಡಿ. ಉಮ್ಮನ ಮಾತ್ರೆ, ಊಟ ಮೊದಲನೆಯದು. ಹಗಲು ಜೊತೆಗೆ ಒಬ್ಬರು ಇರುವುದು ಎರಡನೆಯದು. ಮಧ್ಯಾಹ್ನದ ಮೀನುಸಾರು ಸೊಸೆಯ ಕೈಯಿಂದಲೇ ಆಗಬೇಕು ಎನ್ನುವುದು ಮೂರನೆಯದು. ಮೂರನೆಯದನ್ನು ಎತ್ತಿ ಮೊದಲನೆಯದರ ಜಾಗದಲ್ಲಿ ಕೂರಿಸಿದ್ದರಿಂದಲೇ ಈ ಗೊಂದಲ.

ಇನ್ನೊಂದು ಮಾತು ನಿಮಗೆ ಇಷ್ಟವಾಗಲಿಕ್ಕಿಲ್ಲ. ನಮ್ಮ ಕರಾವಳಿಯಲ್ಲಿ ಶಾಫಿ ಮದ್‌ಹಬ್ (ಧರ್ಮಶಾಸ್ತ್ರದ ಪಂಥ) ಅಲ್ವಾ? ಅಡುಗೆ, ಮನೆಗೆಲಸ ಹೆಂಡತಿಯ ಕಾನೂನುಬದ್ಧ ಕರ್ತವ್ಯ ಎಂದು ಆ ಮದ್‌ಹಬ್ ಹೇಳುವುದಿಲ್ಲ. ತಂದೆ ತಾಯಿಯ ಆರೈಕೆ ಮಕ್ಕಳ ಹೊಣೆ, ಸೊಸೆಯದ್ದಲ್ಲ. ನಿಮ್ಮ ಹೆಂಡತಿ ಇಷ್ಟು ವರ್ಷ ಮಾಡಿದ್ದು ಅವಳ ಒಳ್ಳೆಯತನ. ಅದಕ್ಕೆ ಸಿಕ್ಕ ಪ್ರತಿಫಲ ಫೀಸು ಬಂದ್. ಉಮ್ಮನ ಹೊಣೆ ನಿಮ್ಮದು, ನಿಮ್ಮ ಒಡಹುಟ್ಟಿದವರದ್ದು. ನೀವು ಜುಬೈಲ್‌ನಲ್ಲಿದ್ದುಕೊಂಡು ಮಾಡಬಹುದಾದದ್ದು ಹಣದ ಏರ್ಪಾಡು. ಇಂಟರ್ನ್‌ಶಿಪ್ ನಡೆಯುವಷ್ಟು ತಿಂಗಳು ಬೆಳಗ್ಗಿನಿಂದ ಸಂಜೆವರೆಗೆ ಮನೆಯಲ್ಲಿರಲು ಊರಿನ ಒಬ್ಬ ಹೆಂಗಸನ್ನು ಗೊತ್ತು ಮಾಡಿ, ಸಂಬಳ ನೀವೇ ನೇರವಾಗಿ ಕಳಿಸಿ. ತಂಗಿಯೋ ಅಕ್ಕನೋ ಹತ್ತಿರದಲ್ಲಿದ್ದರೆ ವಾರದಲ್ಲಿ ಒಂದೆರಡು ದಿನ ಬರಲು ಕೇಳಿ. ನೀವೇ ಕೇಳಿ, ಹೆಂಡತಿಯಿಂದ ಕೇಳಿಸಬೇಡಿ.

ಉಮ್ಮನ ಜೊತೆಯೂ ಒಮ್ಮೆ ನಿಧಾನವಾಗಿ ಮಾತಾಡಿ. ದಿನಾ ದೂರು ಹೇಳುವ ವಯಸ್ಸಾದವರಿಗೆ ಬಹಳ ಸಲ ಕೆಲಸಕ್ಕಿಂತ ಒಂಟಿತನದ ಚಿಂತೆ. ಮಗ ಗಲ್ಫಿನಲ್ಲಿ, ಸೊಸೆಯೂ ಹಗಲೆಲ್ಲ ಹೊರಗೆ ಎಂದರೆ ಅವರಿಗೆ ಭಯವಾಗುವುದು ಸಹಜ. ಆ ಭಯಕ್ಕೆ ‘ಅವಳನ್ನು ಬಿಡಿಸುತ್ತೇನೆ’ ಎಂಬ ಭರವಸೆ ಮದ್ದಲ್ಲ.

ಚಿನ್ನದ ಬಗ್ಗೆ ಎರಡೇ ಮಾತು. ಮಹರ್ ಅವಳ ಸೊತ್ತು, ಖುರ್‌ಆನ್ ಅದನ್ನು ಅವಳ ಕೈಗೇ ಕೊಟ್ಟಿದೆ (4:4). ಮಾರಬೇಡ ಎಂದು ಸಲಹೆ ಕೊಡಬಹುದು, ತಡೆಯುವ ಹಕ್ಕು ನಿಮಗಿಲ್ಲ. ಆದರೆ ಅವಳು ಅದನ್ನು ಮಾರುವ ಸ್ಥಿತಿ ಬರದಂತೆ ಇವತ್ತೇ ಫೀಸು ಕಳಿಸಿ. ಮಾತುಕತೆ ಆಮೇಲೆ ಆಗಲಿ. ದಿನ ಮೀರಿದರೆ ಒಂದು ವರ್ಷ ಹೋಗುತ್ತದೆ, ಮತ್ತೆ ನಿಮ್ಮ ಕ್ಷಮೆಯಿಂದ ಅದು ವಾಪಸ್ ಬರುವುದಿಲ್ಲ.

ಆಮೇಲೆ ಅವಳಿಗೆ ಫೋನ್ ಮಾಡಿ. ಮಕ್ಕಳು ಮಲಗಿದ ಮೇಲೆ, ಉಮ್ಮ ಪಕ್ಕದಲ್ಲಿಲ್ಲದಾಗ. ಮಗುವಿಗೆ ಹಾಲು ಬಿಡಿಸುವ ವಿಷಯದಲ್ಲೂ ಗಂಡ ಹೆಂಡತಿ ಪರಸ್ಪರ ಒಪ್ಪಿ, ಸಮಾಲೋಚಿಸಿ ತೀರ್ಮಾನಿಸಲಿ ಎನ್ನುತ್ತದೆ ಖುರ್‌ಆನ್ (2:233). ಅಷ್ಟು ಸಣ್ಣ ವಿಷಯಕ್ಕೇ ಸಮಾಲೋಚನೆ ಬೇಕು ಎಂದಾದರೆ ಇದಕ್ಕೆ ಬೇಡವೇ? ‘ಶರೀಅತ್ ಅಂತ ಹೇಳಿದ್ದು ನನ್ನ ಸ್ವಂತ ಮಾತಾಗಿತ್ತು’ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಅವಳು ಹೇಳುವುದನ್ನು ಕೇಳಿ. ಅವಳು ಕೋಪದಿಂದ ಏನಾದರೂ ಅಂದರೆ ಅನ್ನಲಿ, ಇಷ್ಟು ದಿನದ ಮೌನಕ್ಕಿಂತ ಅದು ಒಳ್ಳೆಯದು.

ಮಾತು ಮುರಿದರೆ ಮಾತ್ರ ಮೂರನೆಯವರು. ಅದಕ್ಕೂ ದಾರಿ ಇದೆ: ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು (4:35). ನಿಮ್ಮ ಕಡೆಯಿಂದ ಉಮ್ಮನನ್ನು ಕೂರಿಸಬೇಡಿ, ಅವರಿಗೂ ಅದು ನ್ಯಾಯವಲ್ಲ. ಊರಿನ ಉಸ್ತಾದರನ್ನೇ ಕೇಳೋಣ ಎಂದು ಇಬ್ಬರಿಗೂ ಅನಿಸಿದರೆ ಕೇಳಿ. ಪ್ರಶ್ನೆಯನ್ನು ಮಾತ್ರ ನೀವು ಬರೆಯಬೇಡಿ, ಅವಳು ಬರೆಯಲಿ.