ನಗುವಿನ ನಡುವೆ ಜಾರಿಹೋಗುವ ಸುಳಿವು

ಶಿವಮೊಗ್ಗದ ಹಿರಿಯ ಓದುಗಿಯೊಬ್ಬರು ಪತ್ರ ಬರೆದಿದ್ದಾರೆ. ಅಮೆರಿಕದಲ್ಲಿರುವ ಮಗಳು ಹೇಳಿದಳೆಂದು ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ಸರಣಿ ಹಾಕಿಕೊಂಡರಂತೆ. ಒಂದು ಕಂತು ನೋಡಿ ಮಲಗೋಣ ಅಂದುಕೊಂಡವರು ಮೂರೇ ರಾತ್ರಿಯಲ್ಲಿ ಮೊದಲ ಸೀಸನ್ ಮುಗಿಸಿದ್ದಾರೆ. “ಸಾವಿನ ಮನೆಯಲ್ಲಿ ತಮಾಷೆ ಏನು ಅಂತ ನಮ್ಮ ಯಜಮಾನರು ಗೊಣಗಿದರು. ಆದರೆ ಟಿವಿ ಮುಂದಿನಿಂದ ಏಳಲಿಲ್ಲ. ಕೊಲೆ ಕಥೆ ನೋಡಿ ಹೀಗೆ ನಗೋದು ಸರಿಯಾ? ಜೀವನವಿಡೀ ಪತ್ತೇದಾರಿ ಕಾದಂಬರಿ ಓದಿದ ನನಗೆ ಕೊಲೆ ಮಾಡಿದವರು ಯಾರು ಅಂತ ಕೊನೆವರೆಗೂ ಯಾಕೆ ಹೊಳೆಯಲಿಲ್ಲ?” ಎಂದು ಕೇಳಿದ್ದಾರೆ.

ಪ್ರಿಯ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ಈ ಸರಣಿಯಲ್ಲಿ ಸುಳಿವುಗಳನ್ನು ಬಚ್ಚಿಟ್ಟಿರುವುದೇ ನಗುವಿನೊಳಗೆ. ನಾವು ನಗುತ್ತಿರುವಾಗ ಅನುಮಾನಪಡುವುದನ್ನು ಮರೆತಿರುತ್ತೇವೆ. ಅಷ್ಟರಲ್ಲಿ ಸುಳಿವು ಕಣ್ಣೆದುರೇ ದಾಟಿಹೋಗಿರುತ್ತದೆ.

ಟಿಮ್ ಕೋನೋ ಎಂಬಾತ ಸತ್ತ ಮೇಲೆ ಅವನಿದ್ದ ಅಪಾರ್ಟ್‌ಮೆಂಟಿನವರೆಲ್ಲ ಸೇರುವ ಸಭೆ ನೆನಪಿದೆಯಲ್ಲ? ಸತ್ತವನ ಬಗ್ಗೆ ಒಬ್ಬರಿಗೂ ಒಳ್ಳೆಯ ಮಾತಿಲ್ಲ. ಆದರೆ ಅಲ್ಲೇ ಇರುವ ಹೊವರ್ಡ್‌ನ ಬೆಕ್ಕು ಎವೆಲಿನ್ ಸತ್ತಿತೆಂದು ಎಲ್ಲರೂ ಮರುಗುತ್ತಾರೆ. ಮನುಷ್ಯನಿಗಿಂತ ಬೆಕ್ಕೇ ಹೆಚ್ಚಾಯಿತಲ್ಲ ಎಂದು ನಾವು ನಗುತ್ತೇವೆ, ಅಲ್ಲಿಗೆ ಮರೆಯುತ್ತೇವೆ. ಆ ಬೆಕ್ಕು ಯಾಕೆ ಸತ್ತಿತು ಅಂತ ಆಗಲೇ ಯೋಚಿಸಿದ್ದರೆ ನೀವು ಅರ್ಧ ದಾರಿ ಮುಂದೆ ಇರುತ್ತಿದ್ದಿರಿ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಇನ್ನೂ ನೋಡದ ಓದುಗರು ಬಹಳ ಮಂದಿ ಇದ್ದಾರೆ.

ಅವರಿಗಾಗಿ ನಾಲ್ಕು ಮಾತು. ಸ್ಟೀವ್ ಮಾರ್ಟಿನ್ ಮತ್ತು ಜಾನ್ ಹಾಫ್‌ಮನ್ ಸೇರಿ ರೂಪಿಸಿದ ಈ ಸರಣಿ 2021ರ ಆಗಸ್ಟ್ 31ರಂದು ಅಮೆರಿಕದ ಹುಲು ಎಂಬ ಸ್ಟ್ರೀಮಿಂಗ್ ವೇದಿಕೆಯಲ್ಲಿ ಶುರುವಾಯಿತು. ಕಥೆ ನಡೆಯುವುದು ನ್ಯೂಯಾರ್ಕಿನ ಆರ್ಕೋನಿಯ ಎಂಬ ಕಟ್ಟಡದಲ್ಲಿ. ಹೊರಗಿನಿಂದ ನಮಗೆ ಕಾಣುವುದು ಮ್ಯಾನ್‌ಹಾಟನ್‌ನ 86ನೇ ಬೀದಿಯಲ್ಲಿರುವ ಬೆಲ್‌ನಾರ್ಡ್ ಎಂಬ ನೂರು ವರ್ಷಕ್ಕೂ ಹಳೆಯ ವಠಾರ. ಅಲ್ಲಿರುವ ಮೂವರು ಒಬ್ಬರಿಗೊಬ್ಬರು ಗುರುತಿಲ್ಲದವರು. ಹಿಂದೊಮ್ಮೆ ಟಿವಿಯಲ್ಲಿ ಪತ್ತೇದಾರನ ಪಾತ್ರ ಮಾಡಿದ್ದ ಚಾರ್ಲ್ಸ್, ಸೋತು ಸಾಲದಲ್ಲಿರುವ ನಾಟಕ ನಿರ್ದೇಶಕ ಆಲಿವರ್, ಚಿಕ್ಕ ವಯಸ್ಸಿನ ಮೇಬಲ್. ಮೂವರಿಗೂ ಕೊಲೆ ಪ್ರಕರಣಗಳ ಪಾಡ್‌ಕಾಸ್ಟ್ ಕೇಳುವ ಹುಚ್ಚು. ತಮ್ಮ ಜೊತೆ ಲಿಫ್ಟ್‌ನಲ್ಲಿ ಬಂದಿದ್ದ ಟಿಮ್ ಅದೇ ಸಂಜೆ ಹೆಣವಾದಾಗ, ಪೊಲೀಸರು ಆತ್ಮಹತ್ಯೆ ಎಂದರೂ ಇವರು ನಂಬುವುದಿಲ್ಲ. ತಾವೇ ಪಾಡ್‌ಕಾಸ್ಟ್ ಶುರುಮಾಡಿ ಹುಡುಕಲು ಹೊರಡುತ್ತಾರೆ.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ. ಅವರ ಅಳುಕು ಸರಿಯಾದದ್ದೇ. ಸಾವನ್ನು ಹಗುರ ಮಾಡುವ ತಮಾಷೆ ನನಗೂ ಹಿಡಿಸುವುದಿಲ್ಲ. ಆದರೆ ಇಲ್ಲಿ ನಗು ಸತ್ತವನ ಮೇಲಲ್ಲ, ಬದುಕಿರುವವರ ಒಂಟಿತನದ ಮೇಲೆ ಹುಟ್ಟುತ್ತದೆ. ಚಾರ್ಲ್ಸ್ ಆಮ್ಲೆಟ್ ಮಾಡುವ ದೃಶ್ಯವನ್ನೇ ತೆಗೆದುಕೊಳ್ಳಿ. ಅಷ್ಟು ಕಾಳಜಿಯಿಂದ ಮಾಡಿ, ತಿನ್ನದೆ ಹಾಗೇ ಕಸದ ಡಬ್ಬಕ್ಕೆ ಹಾಕುತ್ತಾನೆ. ಮೊದಲು ವಿಚಿತ್ರ ಅನ್ನಿಸಿ ನಗು ಬರುತ್ತದೆ. ಲೂಸಿ ಎಂಬ ಮಗು ಒಂದು ಕಾಲಕ್ಕೆ ಅವನ ಬದುಕಿನಲ್ಲಿತ್ತು, ಆಮ್ಲೆಟ್ಟಿಗೂ ಆ ಮಗುವಿಗೂ ಸಂಬಂಧವಿದೆ ಎಂದು ಆಮೇಲೆ ತಿಳಿದಾಗ ಗಂಟಲು ಕಟ್ಟುತ್ತದೆ. ಸತ್ತವನಿಗಾಗಿ ನಿಜವಾಗಿ ದುಃಖಪಡುವವರೂ ಇದ್ದಾರೆ. ಮೇಬಲ್‌ಗೆ ಟಿಮ್ ಚಿಕ್ಕಂದಿನ ಗೆಳೆಯ. ಅವಳ ಮೌನವನ್ನು ಸರಣಿ ಎಲ್ಲೂ ನಗೆಪಾಟಲು ಮಾಡುವುದಿಲ್ಲ.

ಏಳನೇ ಕಂತಿನಲ್ಲಿ “ಟಿವಿ ಸೌಂಡ್ ಹೋಯಿತು ಅಂತ ರಿಮೋಟ್ ಒತ್ತಿದ್ದೇ ಒತ್ತಿದ್ದು” ಎಂದು ಬರೆದಿದ್ದೀರಿ. ಓದಿ ಬಹಳ ಖುಷಿಯಾಯಿತು. ನನ್ನ ಮಟ್ಟಿಗೆ ಇಡೀ ಸರಣಿಯ ಶಿಖರ ಅದೇ. ಕಿವಿ ಕೇಳದ ಥಿಯೋ ಇದ್ದ ಕಡೆ ನಮ್ಮನ್ನು ನಿಲ್ಲಿಸಿ, ಕಂತಿನ ಉದ್ದಕ್ಕೂ ಹೆಚ್ಚುಕಡಿಮೆ ಮಾತೇ ಇಲ್ಲದ ಹಾಗೆ ಮಾಡಿದ್ದಾರೆ. ಥಿಯೋ ಆಗಿ ನಟಿಸಿರುವ ಜೇಮ್ಸ್ ಕ್ಯಾವರ್ಲಿ ಅವರಿಗೂ ಕಿವಿ ಕೇಳಿಸುವುದಿಲ್ಲ. ಆರು ಕಂತು ಎಡೆಬಿಡದೆ ಹರಟಿದ ಮೂವರು ಅಲ್ಲಿ ಬರೀ ತುಟಿ, ಕೈ, ಕಣ್ಣು ಆಗಿಬಿಡುತ್ತಾರೆ. ಮಾತಿನ ಚಾಟಿಯನ್ನೇ ನಂಬಿದ ಹಾಸ್ಯ ಸರಣಿಯೊಂದು ಮಾತನ್ನೇ ಬಿಟ್ಟುಕೊಡುವುದಕ್ಕೆ ಎಂಥ ಧೈರ್ಯ ಬೇಕು! ಅಷ್ಟೇ ಅಲ್ಲ, ಕೇಳಿಸಿಕೊಂಡವರಿಗೆ ಗೊತ್ತಾಗದ್ದು ನೋಡಿದವನಿಗೆ ಗೊತ್ತಾಗಿತ್ತು ಎಂಬ ಪತ್ತೇದಾರಿ ಕೆಲಸವನ್ನೂ ಆ ಮೌನವೇ ಮಾಡುತ್ತದೆ.

ಒಂದು ಸಲಹೆ ಕೊಡಲೇ? ಮುಂದಿನ ಸೀಸನ್‌ಗಳನ್ನು ಹೀಗೆ ನಿದ್ದೆಗೆಟ್ಟು ಮುಗಿಸಬೇಡಿ. ಒಂದು ಸೀಸನ್‌ಗೆ ಹತ್ತು ಕಂತು, ಒಂದೊಂದೂ ಸುಮಾರು ಅರ್ಧ ಗಂಟೆ. ಸುಲಭವಾಗಿ ಮುಗಿದುಹೋಗುತ್ತದೆ. ಅಮೆರಿಕದಲ್ಲಿ ಇದು ಮೊದಲು ಬಂದಾಗ ಆರಂಭದ ಮೂರು ಕಂತು ಒಟ್ಟಿಗೆ ಕೊಟ್ಟು, ಆಮೇಲೆ ಮಂಗಳವಾರಕ್ಕೆ ಒಂದರಂತೆ ಬಿಟ್ಟರು. ಜನ ವಾರವಿಡೀ ತಲೆ ಕೆಡಿಸಿಕೊಂಡು ಮಾತಾಡಲಿ ಎಂದೇ ಹೆಣೆದ ಕಥೆ ಇದು. 1985ರಲ್ಲಿ ದೂರದರ್ಶನದಲ್ಲಿ ಬಂದ ‘ಕರಮ್‌ಚಂದ್’ ನಿಮ್ಮ ಯಜಮಾನರಿಗೆ ನೆನಪಿರಬೇಕು. ಪಂಕಜ್ ಕಪೂರ್ ಕ್ಯಾರೆಟ್ ಕಡಿಯುತ್ತಲೇ ಕೊಲೆಗಾರರನ್ನು ಹಿಡಿಯುತ್ತಿದ್ದರು, ಪಕ್ಕದಲ್ಲಿ ಸಹಾಯಕಿ ಕಿಟ್ಟಿ. ಅಲ್ಲೂ ನಗು ಮತ್ತು ಕೊಲೆ ಜೊತೆಜೊತೆಗೇ ಇದ್ದವು, ಅಲ್ವಾ? ಮುಂದಿನ ಕಂತಿಗೆ ಕಾಯುವ ಸುಖವೂ ಇತ್ತು.

ಇನ್ನೊಂದು, ಶೀರ್ಷಿಕೆ ಬಂದಾಗ ಸ್ಕಿಪ್ ಒತ್ತಬೇಡಿ. ಆ ಚಿತ್ರದಲ್ಲಿ ಪ್ರತಿ ಕಂತಿಗೂ ಏನೋ ಒಂದು ಸಣ್ಣದು ಬದಲಾಗಿರುತ್ತದೆ. ಆ ಕಂತಿಗೆ ಸಂಬಂಧಪಟ್ಟದ್ದೇ ಅದು. ನಿಮ್ಮಂಥ ಪತ್ತೇದಾರಿ ಓದುಗರಿಗೆ ಅದೊಂದು ಹಬ್ಬ.

2022ರ ಎರಡನೇ ಸೀಸನ್‌ನಲ್ಲಿ ಕವಲು ಜಾಸ್ತಿಯಾಯಿತು ಎಂದು ನನ್ನ ಅನಿಸಿಕೆ. ಆದರೂ ಬಿಡಬೇಡಿ. 2023ರದ್ದು ನಿಮಗೆ ಖಂಡಿತ ಹಿಡಿಸುತ್ತದೆ. ನಾಟಕದ ಮೊದಲ ಪ್ರದರ್ಶನದಲ್ಲೇ ನಾಯಕ ವೇದಿಕೆಯ ಮೇಲೆ ಕುಸಿಯುತ್ತಾನೆ. ಮೆರಿಲ್ ಸ್ಟ್ರೀಪ್ ಅವರು ಜೀವನವಿಡೀ ಒಂದು ಒಳ್ಳೆಯ ಪಾತ್ರಕ್ಕಾಗಿ ಕಾದ ನಟಿಯಾಗಿ ಬರುತ್ತಾರೆ. ಆ ಸೀಸನ್‌ನ ಐದನೇ ಕಂತಿನ ಹೊತ್ತಿಗೆ ನಿಮ್ಮ ಅನುಮಾನ ಯಾರ ಮೇಲಿದೆ, ಯಜಮಾನರ ಅನುಮಾನ ಯಾರ ಮೇಲಿದೆ ಎಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಕೊನೆಯ ಕಂತು ನೋಡುವ ಮೊದಲೇ ಕಳಿಸಬೇಕು.

– ಸಂಪಾದಕ